ಕಾಕುವಿನ ಟ್ರ್ಯಾಂಪೋಲಿನ್ ಮಿರಜಿಗೆ ಹೋದ ದಿನ

ನಮ್ಮ ಮನೆಯಲ್ಲಿ ಅದಕ್ಕೆ ಟ್ರ್ಯಾಂಪೋಲಿನ್ ಎಂದು ಹೇಳುತ್ತಿದ್ದವಳು ನಾನೊಬ್ಬಳೇ. ದೊಡ್ಡಪ್ಪ ‘ಜಿಗಿಯೂ ಹೊರಸು’ ಎನ್ನುತ್ತಿದ್ದರು. ಹೊರಸು ಎಂದರೆ ನಮ್ಮ ಕಡೆ ಹಗ್ಗ ಹೆಣೆದ ಮಂಚ. ಕಬ್ಬಿಣದ ಕೊಳವೆಯ ಚೌಕಟ್ಟು, ಅದಕ್ಕೆ ಕಾಲುಗಳು, ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಹಾಸು, ಹಾಸಿನ ಸುತ್ತಲೂ ಸ್ಪ್ರಿಂಗುಗಳು. ನೋಡಿದರೆ ದೊಡ್ಡಪ್ಪನ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ಅವರು ಹೇಳುವ ಧಾಟಿಗೆ ನನಗೆ ಮೈ ಉರಿಯುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಗ ಕಾಲೇಜಿಗೆ ಹೋಗುತ್ತಿದ್ದೆ, ಈಗ ಮೊಮ್ಮಕ್ಕಳಿದ್ದಾರೆ, ಸಿಟ್ಟು ಮಾತ್ರ ಜಾಗ ಬದಲಿಸಿಲ್ಲ.

ಅದು ಕಾಕುವಿನ ಸಾಮಾನು. ಕಾಕು ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ನಾವು ಸಾಂಗಲಿಯ ಪೇಟೆಯಲ್ಲಿ ಅರಿಷಿಣದ ವ್ಯಾಪಾರ ಮಾಡುವ ಕನ್ನಡದವರು. ಹಣೆಗೆ ವಿಭೂತಿ, ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ನಮ್ಮ ಕಾಕಾ ಒಂದು ಚಳಿಗಾಲ ಮಿರಜಿನಲ್ಲಿ ಡೇರೆ ಹಾಕಿದ್ದ ಸರ್ಕಸ್ಸಿನ ಕುದುರೆಗಳಿಗೆ ಮೇವು ಹಾಕಲು ಹೋದವರು, ಸರ್ಕಸ್ಸಿನ ಹುಡುಗಿಯನ್ನು ಮದುವೆಯಾಗಿ ಬಂದರು. ಮಾಲಗಾಂವದ ಮರಾಠಿ ಮಾತಿನ ಹುಡುಗಿ, ಚಿಕ್ಕಂದಿನಿಂದ ಡೇರೆಯಲ್ಲೇ ಬೆಳೆದವಳು. ಮನೆಯಲ್ಲಿ ಏನೇನು ರಂಪ ಆಯಿತೆಂದು ನಾನು ಹೇಳಬೇಕಾಗಿಲ್ಲ. ಮುಂದೆ ಆ ಸರ್ಕಸ್ ನಿಂತುಹೋದಾಗ ಅದರ ಮಾಲಕ, ಅವಳು ಆಡುತ್ತಿದ್ದ ಸಾಮಾನು ಅವಳಿಗೇ ಇರಲಿ ಎಂದು ಟ್ರ್ಯಾಂಪೋಲಿನ್ ಕಳಿಸಿಕೊಟ್ಟ. ಕಾಕಾ ಅದನ್ನು ನಮ್ಮ ಹಳೆಯ ಅರಿಷಿಣದ ಗೋದಾಮಿನಲ್ಲಿ ಹೂಡಿಕೊಟ್ಟರು. ಗೋದಾಮಿನ ಮಾಳಿಗೆ ಎತ್ತರವಾಗಿತ್ತು, ತಲೆ ತಾಗುವ ಭಯವಿರಲಿಲ್ಲ.

ಕಾಕಾ ತೀರಿಕೊಂಡ ಮೇಲೆ ಕಾಕು ಪ್ರತಿ ಸಂಜೆ ಅಲ್ಲಿ ಓಣಿಯ ಹುಡುಗಿಯರಿಗೆ ಕಲಿಸತೊಡಗಿದಳು. ನಾನು ಅವಳ ಮೊದಲ ಶಿಷ್ಯೆ. ಮನೆಯಲ್ಲಿ ಅವಳಿಗೆ ದೇವರ ಕೋಣೆಯಲ್ಲಿ ಕೆಲಸವಿರಲಿಲ್ಲ, ಅಂಗಡಿಯಲ್ಲಿ ಮಾತಿರಲಿಲ್ಲ, ಮಕ್ಕಳಾಗಿರಲಿಲ್ಲ. ಸಂಜೆ ಗೋದಾಮಿನ ಬಾಗಿಲು ತೆರೆದಾಗ ಮಾತ್ರ ಅವಳು ನೆಟ್ಟಗೆ ನಿಲ್ಲುತ್ತಿದ್ದಳು. ಇದನ್ನು ನಾನು ಈಗ ಯೋಚಿಸಿ ಬರೆಯುತ್ತಿಲ್ಲ. ಆಗಲೇ ಕಂಡಿತ್ತು, ಯಾರಿಗೆ ಬೇಕಾದರೂ ಕಾಣುತ್ತಿತ್ತು.

ಇನ್ನೊಂದು ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವುದಿಲ್ಲ, ಅಣ್ಣನೂ ಅವಳೊಡನೆ ನೇರ ಮಾತಾಡುವುದಿಲ್ಲ. ಹೀಗಾಗಿ ದೊಡ್ಡಪ್ಪ ಮತ್ತು ಕಾಕುವಿನ ನಡುವಿನ ಮಾತೆಲ್ಲ ನನ್ನ ಮೂಲಕ ಹೋಗುತ್ತಿತ್ತು. ಅವಳು ಬಾಗಿಲ ಸಂದಿಯಲ್ಲಿ ನಿಂತು ನನಗೆ ಮರಾಠಿಯಲ್ಲಿ ಹೇಳುವುದು, ನಾನು ಅಲ್ಲೇ ಎರಡು ಮಾರು ದೂರ ಕೂತ ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳುವುದು. ದೊಡ್ಡಪ್ಪನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಕಾಕುವಿಗೂ ಕನ್ನಡ ಪೂರ್ತಿ ತಿಳಿಯುತ್ತಿತ್ತು. ಬಂದ ಹೊಸದರಲ್ಲಿ ಒಮ್ಮೆ ಬಾಯಿ ಬಿಟ್ಟಾಗ ಅಜ್ಜಿ ನಕ್ಕಳಂತೆ, ಅಂದಿನಿಂದ ಮಾತಾಡುವುದು ಬಿಟ್ಟಿದ್ದಳು. ಇಬ್ಬರಿಗೂ ಎಲ್ಲ ಕೇಳಿಸಿರುತ್ತಿತ್ತು, ಆದರೂ ನಾನು ಹೇಳುವ ತನಕ ಯಾರಿಗೂ ಏನೂ ಕೇಳಿಸಿಲ್ಲವೆಂದೇ ಲೆಕ್ಕ. ಈ ಹುಚ್ಚಾಟಕ್ಕೆ ನಾನು ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೋ.

ಆಗ ಸಹಕಾರದ ಭರಾಟೆಯ ಕಾಲ. ಸಕ್ಕರೆ ಕಾರ್ಖಾನೆ, ನೂಲಿನ ಗಿರಣಿ, ಹಾಲಿನ ಸಂಘ, ಓಣಿಗೊಂದು ಪತಸಂಸ್ಥೆ, ಎಂದರೆ ಠೇವಣಿ ಇಟ್ಟುಕೊಂಡು ಸಾಲ ಕೊಡುವ ಸಂಘ. ನಮ್ಮ ದೊಡ್ಡಪ್ಪನೂ ಒಂದು ಪತಸಂಸ್ಥೆಯ ಸಂಚಾಲಕರಾಗಿದ್ದರು. ಅದಕ್ಕೆ ಹೊಸ ಶಾಖೆ ಬೇಕಾಯಿತು, ನಮ್ಮ ಗೋದಾಮೇ ಸರಿಯಾದ ಜಾಗ ಎಂದಾಯಿತು. ಸೋಮವಾರ ಉದ್ಘಾಟನೆ, ಭಾನುವಾರದ ಹೊತ್ತಿಗೆ ಗೋದಾಮು ಖಾಲಿಯಾಗಬೇಕು. ಊಟಕ್ಕೆ ಕೂತಾಗ ದೊಡ್ಡಪ್ಪ ನನಗೆ ಹೇಳಿದರು:

“ಆ ಜಿಗಿಯೂ ಹೊರಸಿಂದು ಏನ್ ಮಾಡ್ತಾಳ ಕೇಳು ನಿಮ್ಮ ಕಾಕೂಗ. ಗ್ಯಾಸ್ ಕಟರಿನವ ನನಗ ಗುರುತದಾನ. ಕತ್ತರಿಸಿ ಗುಜರಿಗೆ ಹಾಕೂನು ಅಂದ್ರ ಹಾಕೂನು.”

ಅಡುಗೆಮನೆಯಲ್ಲಿ ಕಾಕು ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾನು ಎದ್ದು ಹೋಗಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಹೋದೆ. ಅವಳು ನನ್ನ ಮುಖ ನೋಡದೆ, ಮಿರಜಿನಲ್ಲಿ ಜಾಗ ನೋಡುತ್ತೇನೆ ಎಂದಳು.

ನೋಡಿಯೂ ಬಿಟ್ಟಳು. ಮಿರಜಿನ ನೇಕಾರರ ಸಹಕಾರಿ ಸಂಘವೊಂದರ ಹಳೆಯ ಮಗ್ಗದ ಶೆಡ್ಡು ಖಾಲಿ ಬಿದ್ದಿತ್ತು. ಸಂಘದ ಸೆಕ್ರೆಟರಿ ಹೆಣ್ಣುಮಕ್ಕಳ ವ್ಯಾಯಾಮಕ್ಕಾದರೆ ಕೊಡುತ್ತೇನೆ ಎಂದರು. ಆದರೆ ಶರತ್ತು ಹಾಕಿದರು. ಭಾನುವಾರ ಮಧ್ಯಾಹ್ನದೊಳಗೆ ಸಾಮಾನು ಹೂಡಿ ತಮ್ಮ ಕಣ್ಣೆದುರು ನಡೆಸಿ ತೋರಿಸಬೇಕು, ಆಮೇಲೆ ಅವರು ಪುಣೆಗೆ ಹೋಗುವವರು. ಅದಕ್ಕಿಂತ ಮುಖ್ಯವಾಗಿ, ಈ ಸಾಮಾನಿನಿಂದ ಯಾರದಾದರೂ ಕೈಕಾಲು ಮುರಿದದ್ದು ಗೊತ್ತಾದರೆ ಬೀಗ ಹಾಕುತ್ತೇವೆ ಎಂದರು.

ಹಾಗಾಗಿ ಭಾನುವಾರ ಬೆಳಿಗ್ಗೆ ಕಾಕುವಿಗೆ ಎರಡೇ ಚಿಂತೆ. ಯಾರಿಗೂ ಏನೂ ಆಗಬಾರದು, ಹಾಸು ಹರಿಯಬಾರದು. ಚೌಕಟ್ಟು ಬಾಗಿದರೆ ಮಾಧವನಗರದ ವೆಲ್ಡಿಂಗಿನವನು ನೆಟ್ಟಗೆ ಮಾಡಿಕೊಡುತ್ತಾನೆ. ಅಂಥ ಹಾಸು ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. ಅದು ಹೋದರೆ ಅವಳ ಸಂಜೆಗಳು ಹೋದವು. ಮತ್ತೆ ಅಡುಗೆಮನೆ, ರೊಟ್ಟಿ, ಬಾಗಿಲ ಸಂದಿ.

ದೊಡ್ಡಪ್ಪ ಪೇಟೆಯಿಂದ ಇಬ್ಬರು ಹಮಾಲರನ್ನು ಕರೆತಂದರು. ಇಬ್ಬರೂ ಅಥಣಿ ಕಡೆಯ ಕನ್ನಡದವರು. ಕರೆತಂದ ಮೇಲೆ ದೊಡ್ಡಪ್ಪ ಹೋಗಬಹುದಿತ್ತು. ಹೋಗಲಿಲ್ಲ. ಹೊರಗೆ ಮಂಟಪ ಹಾಕುವವರು ಕಾಯುತ್ತಿದ್ದರಲ್ಲ, ತಾವು ನಿಲ್ಲದಿದ್ದರೆ ಹೆಂಗಸರು ಸಂಜೆ ಮಾಡುತ್ತಾರೆಂದು ಅವರಿಗೆ ಖಾತ್ರಿಯಿತ್ತು. ಟೊಪ್ಪಿಗೆ, ಕೋಟು, ಹೆಗಲಿಗೆ ಶಲ್ಯ, ಕಚ್ಚೆ ಧೋತರದಲ್ಲಿ ಬಂದು ಅರಿಷಿಣದ ರಾಶಿಯನ್ನು ನೋಡುವ ಹಾಗೆ ಟ್ರ್ಯಾಂಪೋಲಿನ್ನಿನ ಸುತ್ತ ತಿರುಗಿದರು.

ಟ್ರ್ಯಾಂಪೋಲಿನ್ ಬಿಚ್ಚುವಾಗ ಬಲ ತೋರಿಸಬಾರದು. ಒಂದು ಸ್ಪ್ರಿಂಗು ಈ ಕಡೆಯದು ತೆಗೆದರೆ ಮುಂದಿನದು ಎದುರು ಕಡೆಯದು. ಒಂದೇ ಕಡೆ ತೆಗೆಯುತ್ತ ಹೋದರೆ ಉಳಿದ ಎಳೆತವೆಲ್ಲ ಹಾಸಿನ ಒಂದೇ ಅಂಚಿಗೆ ಬಿದ್ದು ಹರಿಯುತ್ತದೆ. ಕಾಕು ಮರಾಠಿಯಲ್ಲಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಹಮಾಲರು ಚೀಲ ಎತ್ತುವ ಹುಕ್ಕಿನಿಂದಲೇ ಸ್ಪ್ರಿಂಗು ಬಿಡಿಸುತ್ತಿದ್ದರು. ಪಕ್ಕದವೆಲ್ಲ ಬಂದವು. ಎರಡೂ ತುದಿಯವು ತುಕ್ಕು ಹಿಡಿದು ಕೂತುಬಿಟ್ಟಿದ್ದವು. ಬಡಿದು ತೆಗೆದರೆ ಹಾಸಿನ ಅಂಚು ಹೋಗುತ್ತದೆ. ಅವು ಹಾಗೇ ಇರಲಿ, ಚೌಕಟ್ಟನ್ನೇ ಮಡಚಿ ಒಯ್ಯೋಣ ಎಂದಳು ಕಾಕು. ಸರ್ಕಸ್ಸಿನ ಸಾಮಾನಾದ್ದರಿಂದ ಎರಡೂ ಬದಿಗೆ ಬಿಜಾಗರಿ, ಎಂದರೆ ಬಾಗಿಲಿಗಿರುವಂಥ ಮಡಚುವ ಕೀಲು, ಇತ್ತು. ತುದಿಯ ಭಾಗವನ್ನು ಹಗ್ಗ ಹಾಕಿ ಎಳೆದು ಮೇಲೆತ್ತಿ, ನೆಟ್ಟಗೆ ನಿಂತ ಮೇಲೆ ಆಚೆ ಮಲಗಿಸಬೇಕು. ನಿಲ್ಲುವ ಮೊದಲೇ ಕೈಬಿಟ್ಟರೆ ಸ್ಪ್ರಿಂಗಿನ ಬಲ ಅದನ್ನು ಹಿಂದಕ್ಕೆಳೆದು ಧಡ್ಡನೆ ಕೆಡವುತ್ತದೆ.

ಹಗ್ಗ ಹಿಡಿಯಲು ಇನ್ನೊಬ್ಬರು ಬೇಕಾಯಿತು. ದೊಡ್ಡಪ್ಪ ಗೊಣಗುತ್ತ ಕೋಟು ಬಿಚ್ಚಿ ಹಮಾಲರ ಮುಂದೆ ನಿಂತರು. ನಿಂತವರು ಅವರಿಗೊಂದು ಬುದ್ಧಿಮಾತು ಹೇಳಿದರು:

“ಇದು ಸ್ಪ್ರಿಂಗಿನ ಕಾರಭಾರ. ಸಿಡೀತಂದ್ರ ಕಣ್ಣs ಹೋಗ್ತಾವ. ಏನರ ಲಟಕ್ಕಂತು ಅಂದ್ರ ಹಗ್ಗ ಒಗದು ಓಡ್ರಿ, ಏನ್?”

“ಹೂಂನ್ರಿ ಸಾವಕಾರ,” ಎಂದರು ಇಬ್ಬರೂ.

ಕಾಕು ಬಿಜಾಗರಿಯ ಹತ್ತಿರ ಹಾಸು ನೋಡಿಕೊಳ್ಳುತ್ತ ಕೂತಳು. ನಾನು ನಡುವೆ ನಿಂತೆ. ಅವಳು ಹೇಳಿದಾಗಲೆಲ್ಲ ನಾನು “ಜಗ್ಗ್ರಿ” ಎನ್ನುವುದು, ಅವರು ಜಗ್ಗುವುದು. ತುದಿಯ ಭಾಗ ಮೇಲೇಳತೊಡಗಿತು. ಅರ್ಧಕ್ಕೆ ಬಂದಾಗ ಹಾಸಿನ ಒಂದು ಮೂಲೆ ಬಿಜಾಗರಿಯ ಬಾಯಿಗೆ ಸಿಕ್ಕಿತು. ಇನ್ನಷ್ಟು ಎಳೆದರೆ ಹರಿಯುತ್ತಿತ್ತು. ಕಾಕು ಒಂದು ಕ್ಷಣವೂ ಯೋಚಿಸದೆ ಬಲಗೈ ಒಳಗೆ ತೂರಿಸಿ ಮೂಲೆಯನ್ನು ಬಿಡಿಸಿದಳು. ಅಷ್ಟರಲ್ಲಿ ಮೇಲಿನ ಭಾಗ ತುಸು ಕೆಳಗೆ ಜಾರಿತು, ಲಟಕ್ಕೆಂದಿತು. ಅವಳು ಕೈ ಹೊರಗೆ ತೆಗೆಯಬೇಕಾದರೆ ಹಗ್ಗ ಹಿಡಿದವರು ಗಟ್ಟಿಯಾಗಿ ಎಳೆಯಬೇಕಿತ್ತು. ನನಗೆ ಹೇಳಿ ನಾನು ಅವರಿಗೆ ಹೇಳುವಷ್ಟು ಪುರಸೊತ್ತು ಎಲ್ಲಿದೆ? ಆ ಮನೆಗೆ ಬಂದ ಮೇಲೆ ಮೊದಲ ಸಲ ಕಾಕು ದೊಡ್ಡಪ್ಪನ ಕಡೆಗೇ ತಿರುಗಿ ಕೂಗಿದಳು:

“ಓಢ! ಓಢ!”

ಮರಾಠಿಯಲ್ಲಿ ಓಢ ಎಂದರೆ ಎಳೆ. ಗಡಿಬಿಡಿಯಲ್ಲಿ ಮರ್ಯಾದೆಯ ಬಹುವಚನವೂ ಬಿಟ್ಟುಹೋಗಿತ್ತು. ನಮ್ಮ ಕಿವಿಗೆ ಮಹಾಪ್ರಾಣ ಒಂದು ಲೆಕ್ಕವೇ ಅಲ್ಲ. ಬೆಳಗಿನಿಂದ ಅವರಿಗೆ ಬರುತ್ತಿದ್ದ ಮಾತೆಲ್ಲ ಕನ್ನಡದಲ್ಲಿ, ತಲೆಯಲ್ಲಿ ಕೂತಿದ್ದದ್ದು ದೊಡ್ಡಪ್ಪನದೇ ಬುದ್ಧಿಮಾತು. ಮೂವರೂ ಹಗ್ಗ ಒಗೆದು ಓಡಿದರು. ಎಲ್ಲರಿಗಿಂತ ಮುಂದೆ ದೊಡ್ಡಪ್ಪ.

ಚೌಕಟ್ಟು ಕಾಕುವಿನ ಕೈಮೇಲೆ ಬಿತ್ತು. ಆ ಸದ್ದು ನನಗೆ ಈಗಲೂ ಬೇಡ. ನಾನು, ಓಡಿದವರು, ಎಲ್ಲರೂ ಸೇರಿ ಎತ್ತಿದೆವು. ಮೊಣಕೈ ಕೆಳಗೆ ಕೈ ಇರಬೇಕಾದ ರೀತಿಯಲ್ಲಿ ಇರಲಿಲ್ಲ. ಅವಳು ಮೊದಲು ನೋಡಿದ್ದು ಹಾಸಿನ ಮೂಲೆಯನ್ನು. ಎಡಗೈ ಬೆರಳಿನಿಂದ ಅದನ್ನು ಸವರಿ, ಹರಿದಿಲ್ಲ ಎಂದಳು.

“ಓಡು ಅಂದ್ಲಲ್ಲ!” ಎಂದರು ದೊಡ್ಡಪ್ಪ. ಮುಖ ಸುಣ್ಣದಂತಾಗಿತ್ತು.

“ಓಢ ಅಂದ್ಲ್ರಿ ದೊಡ್ಡಪ್ಪ! ಜಗ್ಗ್ರಿ ಅಂತ! ನಲವತ್ತು ವರ್ಷ ಮರಾಠಿಯೊಳಗ ವ್ಯಾಪಾರ ಮಾಡೀರಿ, ಇಷ್ಟ ತಿಳೀಲಿಲ್ಲೇನ್ರಿ?” ಎಂದು ನಾನು ಹಮಾಲರೆದುರೇ ಚೀರಿದೆ. ಹಿರಿಯರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಬಯ್ಯಲಿಲ್ಲ. ತಮ್ಮ ಶಲ್ಯವನ್ನು ಹೆಗಲಿನಿಂದ ತೆಗೆದು ನನ್ನ ಕೈಗೆ ಕೊಟ್ಟು, ಕಟ್ಟು ಎಂಬಂತೆ ಕಾಕುವಿನ ಕಡೆ ಸನ್ನೆ ಮಾಡಿದರು.

ಎರಡನೆಯ ಸಲ ಯಾರೂ ಹಗ್ಗ ಬಿಡಲಿಲ್ಲ. ದೊಡ್ಡಪ್ಪ ಹಗ್ಗವನ್ನು ಅಂಗೈಗೆ ಸುತ್ತಿಕೊಂಡೇ ಜಗ್ಗಿದರು. ಮಡಚಿದ ಎರಡೂ ಭಾಗ ಬಿಚ್ಚಿಕೊಳ್ಳದಂತೆ ಬಿಗಿದು ಕಟ್ಟಿದೆವು. ಕೊಳವೆ ಹಾಸನ್ನು ತಿಕ್ಕದಂತೆ ನಡುವೆ ಗೋಣಿಚೀಲ ತುರುಕಿದೆವು. ಅರಿಷಿಣದ ಚೀಲಗಳಾದ್ದರಿಂದ ಎಲ್ಲರ ಕೈಯೂ ಹಳದಿ. ಟೆಂಪೋದಲ್ಲಿ ಅಡ್ಡ ಮಲಗಿಸಬಾರದು, ನಿಲ್ಲಿಸಿ ಎರಡೂ ಬದಿಗೆ ಬಿಗಿಯಬೇಕು ಎಂದಳು ಕಾಕು. ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು.

“ಮೊದಲ ದವಾಖಾನಿಗೆ ಹೋಗೂದು ಅಂತ ಹೇಳು,” ಎಂದರು ದೊಡ್ಡಪ್ಪ ನನಗೆ.

ಬೇಡ ಎಂದಳು ಕಾಕು ನನಗೆ. ದವಾಖಾನೆಗೆ ಹೋದರೆ ಮಧ್ಯಾಹ್ನವಾಗುತ್ತದೆ, ಸೆಕ್ರೆಟರಿ ಪುಣೆಗೆ ಹೋಗುತ್ತಾರೆ. ಪ್ಲಾಸ್ಟರ್ ಹಾಕಿಕೊಂಡು ಹೋದರೆ ಅಲ್ಲಿಗೆ ಬೀಗ. ಮೊದಲು ಹೂಡೋಣ.

ನಾನು ಕನ್ನಡದಲ್ಲಿ ಹೇಳಿದೆ. ದೊಡ್ಡಪ್ಪ ಟೆಂಪೋ ಹತ್ತಿದರು. ಮುಂದೆ ಚಾಲಕನ ಪಕ್ಕ ಜಾಗವಿದ್ದರೂ ಹಿಂದೆ ಸಾಮಾನಿನ ಹತ್ತಿರ ನಿಂತು ಅದನ್ನು ಹಿಡಿದುಕೊಂಡರು. ಮಿರಜಿನವರೆಗೂ ರಸ್ತೆಯ ಪ್ರತಿ ಕುಣಿಗೆ ಕಾಕು ಕಣ್ಣು ಮುಚ್ಚುತ್ತಿದ್ದಳು, ದೊಡ್ಡಪ್ಪ ಚಾಲಕನಿಗೆ ಕೂಗುತ್ತಿದ್ದರು, “ಸಾವಕಾಶ! ಸಾವಕಾಶ!” ಮಂಟಪದವರ ನೆನಪು ಅವರಿಗೆ ಹಾರಿಹೋಗಿತ್ತು.

ಮಗ್ಗದ ಶೆಡ್ಡಿನಲ್ಲಿ ಸೆಕ್ರೆಟರಿ ಇನ್ನೂ ಬಂದಿರಲಿಲ್ಲ. ಕಾಕು ಒಂದು ಮುರುಕು ಬೆಂಚಿನ ಮೇಲೆ ಕೂತು ಗದ್ದದಿಂದಲೇ ತೋರಿಸುತ್ತ ಹೋದಳು. ಬಿಡಿಸುವಾಗಿನ ಹಾಗೆಯೇ ಹೂಡುವಾಗಲೂ, ಈ ಕಡೆ ಒಂದು, ಎದುರು ಒಂದು. ಹಮಾಲನ ಹುಕ್ಕನ್ನು ದೊಡ್ಡಪ್ಪ ತಾವೇ ಕಸಿದುಕೊಂಡು ಸ್ಪ್ರಿಂಗು ಹಾಕತೊಡಗಿದರು. ಎತ್ತಿನ ಗಾಡಿಗೆ ಹೇರು ಬಿಗಿಯುವಾಗ ಎರಡೂ ಬದಿ ಸಮ ಎಳೆಯಬೇಕಲ್ಲ, ಹಾಗೆ ಎಂದು ತಮಗೆ ತಾವೇ ಹೇಳಿಕೊಂಡರು. ಒಂದೊಂದನ್ನೂ ಹಾಕಿದ ಮೇಲೆ ಜಗ್ಗಿ ನೋಡುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಕಾಲುಗಳ ಕೆಳಗೆ ನೆಲ ಸಮವಿಲ್ಲವೆಂದು ಕಾಕು ಹೇಳಿದಾಗ ನಾನು ಅನುವಾದ ಮಾಡುವ ಮೊದಲೇ ಬಗ್ಗಿ ಹಲಗೆಯ ತುಂಡು ಇಟ್ಟರು. ಇಟ್ಟಮೇಲೆ, ನಾನು ಹೇಳಬೇಕಿತ್ತೆಂಬುದು ನೆನಪಾಗಿ ನನ್ನ ಕಡೆ ನೋಡಿದರು.

ಸೆಕ್ರೆಟರಿ ಕೈಯಲ್ಲಿ ಬ್ಯಾಗು ಹಿಡಿದೇ ಬಂದರು. ಕಾಕು ಎದ್ದು ನಿಂತು, ಶಲ್ಯದಲ್ಲಿ ಕಟ್ಟಿದ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಸಹಕಾರದ ಸಭೆಗಳಲ್ಲಿ ದೊಡ್ಡಪ್ಪನನ್ನು ನೋಡಿದ್ದ ಅವರು, ಬೆವರಿಳಿಯುತ್ತಿದ್ದ ಈ ಸಾವಕಾರರನ್ನು ಕಂಡು ಬೆರಗಾಗಿ ನಮಸ್ಕಾರ ಮಾಡಿದರು. ಆಮೇಲೆ, ತೋರಿಸಿ ಎಂದರು.

ನಾನು ಚಪ್ಪಲಿ ಬಿಟ್ಟೆ. ಸೆಕ್ರೆಟರಿ ಬೇಡವೆಂದು ತಲೆಯಾಡಿಸಿದರು. ನೀನು ಹಗುರ, ಅಭ್ಯಾಸದವಳು, ನಿನ್ನಿಂದ ನನಗೇನು ಗೊತ್ತಾಗುತ್ತದೆ? ಕಲಿಸುವವರು ಈ ಅಕ್ಕನವರು, ಅವರೇ ಹತ್ತಲಿ. ಬೇರೆಯವರ ಮಕ್ಕಳನ್ನು ಹತ್ತಿಸುವವರು ತಾವು ಮೊದಲು ಹತ್ತಬೇಡವೇ?

ಮಾತು ನ್ಯಾಯವಾಗಿಯೇ ಇತ್ತು. ಕಾಕು ಒಂದು ಹೆಜ್ಜೆ ಮುಂದಿಟ್ಟಳು. ಇವಳು ಮುರಿದ ಕೈಯಲ್ಲೇ ಹತ್ತುತ್ತಾಳೆ ಎಂದು ನನಗೆ ಖಾತ್ರಿಯಾಯಿತು.

“ನಮ್ಮಲ್ಲಿ ಒಂದು ನಿಯಮ ಇದೆ,” ಎಂದರು ದೊಡ್ಡಪ್ಪ, ಮರಾಠಿಯಲ್ಲಿ, ಅಂಗಡಿಯ ದನಿಯಲ್ಲಿ. “ಯಾರು ಕಟ್ಟಿದರೋ ಅವರೇ ಮೊದಲು ಹತ್ತಬೇಕು. ಇವತ್ತು ಕಟ್ಟಿದವನು ನಾನು.”

ಅಂಥ ನಿಯಮವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ದೊಡ್ಡಪ್ಪ ಜೋಡು ಬಿಟ್ಟು, ಧೋತರದ ಕಚ್ಚೆಯನ್ನು ಎಳೆದು ಬಿಗಿದು, ಕೊರಳಲ್ಲಿದ್ದ ಲಿಂಗವನ್ನು ಅಂಗಿಯೊಳಗೆ ಭದ್ರ ಮಾಡಿ, ಇಬ್ಬರು ಹಮಾಲರ ಭುಜ ಹಿಡಿದು ಮೇಲೆ ಹತ್ತಿದರು. ಅವರ ಗಾತ್ರಕ್ಕೆ ಹಾಸು ಎಷ್ಟು ತಗ್ಗಿತೆಂದರೆ ನಾನು ಕಣ್ಣು ಮುಚ್ಚಿಕೊಂಡೆ. ಸ್ಪ್ರಿಂಗುಗಳೆಲ್ಲ ಒಮ್ಮೆಗೇ ಕಿರುಗುಟ್ಟಿದವು. ತೆರೆದು ನೋಡಿದಾಗ ಅವರು ನಡುವೆ ಕೈ ಅಗಲಿಸಿ ನಿಂತಿದ್ದರು, ಹೊಳೆ ದಾಟುವವರ ಹಾಗೆ. ಸಣ್ಣಗೆ ಒಂದು ಜಿಗಿದರು. ಹಾಸು ಅವರನ್ನು ಎತ್ತಿತು. ಅವರು ಗಾಬರಿಯಾಗಿ ಕಾಲು ನೆಟ್ಟಗೆ ಮಾಡಿದರು, ಅದು ಇನ್ನಷ್ಟು ಎತ್ತಿತು. ಟೊಪ್ಪಿಗೆ ಹಾರಿ ಬಿತ್ತು. ವಿಭೂತಿ ಬೆವರಿನಲ್ಲಿ ಕರಗಿ ಮೂಗಿಗಿಳಿಯಿತು. ಅವರು ನಿಲ್ಲಬೇಕೆಂದಷ್ಟೂ ಅದು ನಿಲ್ಲಗೊಡಲಿಲ್ಲ.

“ಏ! ಏ! ನಿಂದರವಲ್ದು!” ಎಂದು ಕೂಗಿದರು. ನನ್ನ ಕಡೆ ನೋಡಲಿಲ್ಲ. ಬೆಂಚಿನ ಹತ್ತಿರ ನಿಂತವಳನ್ನೇ ನೋಡುತ್ತ, “ಏ ತಂಗಿ, ಇದನ್ನ ನಿಂದ್ರಸೂದು ಹೆಂಗವಾ?”

“ಭಾವಜಿ, ಮಣಕಾಲ ಬಗ್ಗಸ್ರಿ!” ಎಂದಳು ಕಾಕು. ಕನ್ನಡದಲ್ಲಿ. “ಮಣಕಾಲ ಬಗ್ಗಸ್ರಿ, ಕೈ ಮುಂದ ಮಾಡ್ರಿ, ನನ್ನ ಕಡೆ ನೋಡ್ರಿ!”

ಅವರು ಅವಳ ಕಡೆ ನೋಡಿ ಮೊಣಕಾಲು ಬಗ್ಗಿಸಿದರು. ಹಾಸು ಒಂದೆರಡು ಸಲ ತೂಗಿ ನಿಂತಿತು.

ಸೆಕ್ರೆಟರಿ ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ಹಿಡಿದಿದ್ದರು. ಸಾವಕಾರರ ಭಾರವನ್ನೇ ತಡೆದ ಮೇಲೆ ಹುಡುಗಿಯರದೇನು ಎಂದು ಬ್ಯಾಗಿನಿಂದ ಬೀಗದಕೈ ತೆಗೆದು ಕಾಕುವಿನ ಮುಂದೆ ಹಿಡಿದರು. ಅವಳು ಎಡಗೈ ಚಾಚಿದಳು. ಒಳ್ಳೆಯ ಕೆಲಸದ ಮೊದಲ ದಿನ ಎಡಗೈ ಚಾಚಿದರೆ ಯಾರಿಗೆ ಸರಿಯೆನಿಸುತ್ತದೆ? ಅವರ ಕೈ ಅಲ್ಲೇ ನಿಂತಿತು, ಕಣ್ಣು ಅವಳ ಸೆರಗಿನ ಕಡೆ ಹೋಯಿತು.

ದೊಡ್ಡಪ್ಪ ಇನ್ನೂ ಚೌಕಟ್ಟಿನ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ಇಳಿಯುತ್ತಿದ್ದರು. ಅಲ್ಲಿಂದಲೇ ಮರಾಠಿಯಲ್ಲಿ ಹೇಳಿದರು:

“ಕೊಡಿ ಸಾಹೇಬರೇ. ನಮ್ಮ ತಂಗಿ ಎಡಚಿ. ಹುಟ್ಟಿದಾಗಿನಿಂದ ಹಾಗೇ, ನಾವು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇವೆ.”

ತಕ್ಕಡಿಯ ಮುಂದೆ ಒಂದೂ ಸುಳ್ಳಾಡದ ಮನುಷ್ಯ ಒಂದೇ ಗಳಿಗೆಯಲ್ಲಿ ಎರಡು ಸುಳ್ಳು ಹೇಳಿದ್ದರು. ಸೆಕ್ರೆಟರಿ ನಕ್ಕು ಬೀಗದಕೈಯನ್ನು ಅವಳ ಎಡ ಅಂಗೈಯಲ್ಲಿಟ್ಟು ಬಸ್ಸಿಗೆ ಹೊರಟರು. ಅವರು ಗೇಟು ದಾಟಿದ ಮೇಲೆ ಕಾಕು ಕುಸಿದಳು. ನಾನು ಹಿಡಿದುಕೊಂಡೆ. ನನಗೆ ಅಳು ಬಂದುಬಿಟ್ಟಿತು.

ಹಮಾಲರು ಅವಳನ್ನು ಎತ್ತಿ ಟೆಂಪೋದಲ್ಲಿ ಕೂರಿಸಿದರು. ಚಾಲಕನಿಗೆ ದವಾಖಾನೆಯ ದಾರಿ ಹೇಳಿ ದೊಡ್ಡಪ್ಪನೂ ಹಿಂದೆ ಹತ್ತಿ, ಖಾಲಿ ಗೋಣಿಚೀಲದ ಮೇಲೆ ಅವಳ ಎದುರಿಗೆ ಕೂತರು. ಟೊಪ್ಪಿಗೆ ಶೆಡ್ಡಿನಲ್ಲೇ ಉಳಿದಿತ್ತು. ತಮ್ಮ ಹಳದಿ ಅಂಗೈಗಳನ್ನು ನೋಡಿಕೊಂಡರು.

“ಭಾಳ ನೋವಾಗತೈತೇನವಾ?” ಎಂದರು.

“ಹೌದ್ರಿ,” ಎಂದಳು ಕಾಕು.

ನಾನು ಇಬ್ಬರ ನಡುವೆಯೇ ಕೂತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ.